ಇನಾಮು, ಬೋನಸ್ಸು, ಗೌರವಧನ



ಕಿರುತೆರೆಯ ಮೇಲೆ ಕೇಳಿದ ಮಾತು ಬೇಗ ಮರೆತುಹೋಗುತ್ತದೆ, ಅಚ್ಚಾದದ್ದು ಕೈಯಲ್ಲಿ ಉಳಿಯುತ್ತದೆ. ಸರ್ಕಾರಿ ನೌಕರರಿಗೆ ಸಂಬಳದ ಮೇಲೆ ಸಿಗುವ ಹಣದ ವಿಚಾರ ಇಲ್ಲಿ ಹೇಳಬೇಕಾಗಿದೆ. ಅದನ್ನು ಕೊಡುವವರು ಯಾರು? ಎಷ್ಟು ಕೊಡಬೇಕೆಂದು ಗೊತ್ತುಮಾಡುವವರು ಯಾರು? ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಬಹುದೆ? ಒಣ ವಿಷಯವೆಂದು ಪುಟ ಮಗುಚಬೇಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಸರ್ಕಾರಿ ಸಂಬಳದಿಂದ ಬದುಕು ಸಾಗಿಸಿದವರು ಒಬ್ಬರಾದರೂ ಇದ್ದಾರು. ಅವರ ದೀಪಾವಳಿಗೆ ಈ ಇತಿಹಾಸದೊಡನೆ ನೇರ ಸಂಬಂಧವಿದೆ.

ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟ ರಸ್ತೆಯಲ್ಲಿರುವ ಗೊಟ್ಟಿಗೆರೆಯಿಂದ ಆರಂಭಿಸೋಣ. ನಿಮ್ಮಲ್ಲಿ ಕೆಲವರು ಅಲ್ಲಿಯವರೇ ಇರಬಹುದು. ಊರಿನ ಹೆಸರನ್ನು ಬಿಡಿಸಿ ನೋಡಿ, ಕೊನೆಯಲ್ಲಿ ಕೆರೆಯಿದೆ. ವ್ಯಾಕರಣದ ತರಗತಿಯಲ್ಲಿ ಕಲಿತ ಆದೇಶ ಸಂಧಿಯಂತೆ ಕಕಾರ ಗಕಾರವಾಗಿದೆ, ಅಷ್ಟೆ. ಇಂದು ಸುತ್ತಲೂ ಬಡಾವಣೆಗಳೂ ದೊಡ್ಡ ರಸ್ತೆಗಳೂ ಬಂದಿವೆ. ಆದರೆ ಹಳೆಯ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ಒಂದು ಕಾಲಕ್ಕೆ ಬದುಕೆಲ್ಲ ಕೆರೆಯ ತೂಬಿನಿಂದಲೇ ಹರಿಯುತ್ತಿತ್ತು. ತೂಬನ್ನು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ.

ಈ ನೀರುಗಂಟಿಗೆ ಸಂಬಳ ಎಷ್ಟಿತ್ತು? ಸಂಬಳವೆಂಬುದೇ ಇರಲಿಲ್ಲ. ಕೆಲಸದ ಬಾಬ್ತಿಗೆ ಒಂದು ತುಂಡು ಜಮೀನು ಇರುತ್ತಿತ್ತು, ಅದೇ ಇನಾಮು. ಸುಗ್ಗಿಯಲ್ಲಿ ಕಣದ ಬಳಿ ನಿಂತರೆ ರೈತರು ಅಳೆದು ಹಾಕುತ್ತಿದ್ದ ಧಾನ್ಯ ಇನ್ನೊಂದು, ಅದೇ ಆಯ. ತೋಟಿ, ತಳವಾರರಿಗೂ ಇದೇ ಏರ್ಪಾಡು. ಲೆಕ್ಕ ಬರೆಯುವ ಶಾನುಭೋಗ ಮತ್ತು ಊರಿನ ಯಜಮಾನಿಕೆಯ ಪಟೇಲನಿಗೂ ಹುದ್ದೆಯ ಜೊತೆಗೆ ಜಮೀನು ಅಥವಾ ಪೋಟಗಿ ಇರುತ್ತಿತ್ತು. ಹುದ್ದೆಗಳು ಬಹುಮಟ್ಟಿಗೆ ವಂಶಪಾರಂಪರ್ಯವಾಗಿದ್ದವು. ತೋಟಿಯ ಮಗ ತೋಟಿ, ಶಾನುಭೋಗನ ಮಗ ಶಾನುಭೋಗ.

ಇಲ್ಲಿ ಒಂದು ಪದದ ಮೇಲೆ ಗಮನವಿಡಿ. 'ಇನಾಮು' ಎಂದರೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಕೆಲಸಕ್ಕಾಗಿ ಬಿಟ್ಟ ಜಮೀನು. ಇನ್ನೊಂದು, ಮೆಚ್ಚಿ ಕೊಟ್ಟ ಬಹುಮಾನ. ಮೊದಲನೆಯದು ದುಡಿದದ್ದಕ್ಕೆ ಸಲ್ಲಬೇಕಾದದ್ದು. ಎರಡನೆಯದು ಕೊಡುವವನ ಮರ್ಜಿ. ಒಂದೇ ಪದ ಎರಡನ್ನೂ ಹೊತ್ತಿರುವುದು ಆಕಸ್ಮಿಕವಲ್ಲ. ಕಣದಲ್ಲಿ ನಿಂತ ನೀರುಗಂಟಿಗೂ ತನಗೆ ಸಿಗುವ ಕೊಳಗ ಹಕ್ಕೋ ಕೃಪೆಯೋ ಎಂಬುದು ಎಲ್ಲ ಸಲವೂ ಸ್ಪಷ್ಟವಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಅವನ ಪಾಲೂ ಕುಗ್ಗುತ್ತಿತ್ತು. ಹಕ್ಕೆ, ಕೃಪೆಯೆ? ಇಂದಿನ ನಮ್ಮ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಕಾನೂನು ಹಳ್ಳಿಗೆ ಬಂದ ಬಗೆ

ನೌಕರನ ಮೇಲುಸಂಪಾದನೆಗೆ ಮಿತಿ ಹಾಕುವ ಯೋಚನೆ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿಯ ನೌಕರರು ಬಂಗಾಳದಲ್ಲಿ ಉಡುಗೊರೆಗಳನ್ನು ಪಡೆದು ಶ್ರೀಮಂತರಾದಾಗ, ಬ್ರಿಟಿಷ್ ಪಾರ್ಲಿಮೆಂಟು 1773ರ ರೆಗ್ಯುಲೇಟಿಂಗ್ ಕಾಯಿದೆಯ ಮೂಲಕ ಅಂಥ ಉಡುಗೊರೆಗಳನ್ನು ನಿಷೇಧಿಸಿತು. ಬರಿಯ ನಿಷೇಧದಿಂದ ಕೆಲಸವಾಗಲಿಲ್ಲ. ಮುಂದೆ ಲಾರ್ಡ್ ಕಾರ್ನ್‌ವಾಲಿಸ್ ಕಲೆಕ್ಟರನ ಸಂಬಳವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿ, ವಸೂಲಾದ ಕಂದಾಯದ ಮೇಲೆ ನೂರಕ್ಕೆ ಒಂದರಂತೆ ಕಮಿಷನ್ನನ್ನೂ ಗೊತ್ತುಮಾಡಿದ. ಮರ್ಜಿಯ ಹಣವನ್ನು ತಡೆಯಬೇಕಾದರೆ ನಿಶ್ಚಿತವಾದ ಸಂಬಳ ಸಾಕಷ್ಟಿರಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು. ಆದರೆ ಆ ಔದಾರ್ಯ ಮೇಲಿನ ಯುರೋಪಿಯನ್ ಅಧಿಕಾರಿಗಳಿಗೆ ಮಾತ್ರ ದೊರೆಯಿತೆಂಬುದನ್ನೂ ಮರೆಯಬಾರದು.

ಮೈಸೂರು ಸಂಸ್ಥಾನದಲ್ಲಿ 1908ರ ಗ್ರಾಮ ಹುದ್ದೆಗಳ ಕಾಯಿದೆಯು ಈ ಹಳೆಯ ಏರ್ಪಾಡನ್ನು ಕಾನೂನಿನ ಚೌಕಟ್ಟಿಗೆ ತಂದಿತು. ಸ್ವಾತಂತ್ರ್ಯದ ನಂತರ, ಏಕೀಕರಣವೂ ಆದ ಮೇಲೆ, ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾಗಿದ್ದಾಗ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂದಿತು. ಇದು 1963ರ ಫೆಬ್ರವರಿ 1ರಂದು ಜಾರಿಯಾಯಿತು. ವಂಶಪಾರಂಪರ್ಯದ ಹುದ್ದೆಗಳೂ, ಅವುಗಳಿಗೆ ಅಂಟಿಕೊಂಡಿದ್ದ ಎಲ್ಲ ಉತ್ಪನ್ನಗಳೂ ಒಂದೇ ಏಟಿಗೆ ರದ್ದಾದವು. ಇನಾಮು ಜಮೀನುಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ನಿಗದಿಯಾದ ಹಣ ಕಟ್ಟಿದ ಹಳೆಯ ಹುದ್ದೆದಾರರಿಗೆ ಮರುಮಂಜೂರು ಮಾಡಿತು. ಕಾಯಿದೆಯನ್ನು ಪ್ರಶ್ನಿಸಿ ಹುದ್ದೆದಾರರು ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1966ರಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು.

ಶಾನುಭೋಗರ ಜಾಗಕ್ಕೆ ತಿಂಗಳ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುಟ್ಟಿನಿಂದ ಬರುತ್ತಿದ್ದ ಕೆಲಸ ಅರ್ಹತೆಯಿಂದ ಬರುವಂತಾಯಿತು. ಇದು ದೊಡ್ಡ ಬದಲಾವಣೆ, ಒಳ್ಳೆಯ ಬದಲಾವಣೆ. ಆದರೆ ಕೆಳಗಿನ ಕೆಲಸದವರಿಗೆ ಏನಾಯಿತೆಂಬುದನ್ನು ಕೊನೆಯಲ್ಲಿ ನೋಡೋಣ.

ಬೋನಸ್ಸು ಹುಟ್ಟಿದ ಕಥೆ

ಈಗ ಹಳ್ಳಿಯಿಂದ ಕಾರ್ಖಾನೆಗೆ ಬನ್ನಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಲೆಗಳು ಏರಿದವು, ಮುಂಬಯಿಯ ಬಟ್ಟೆ ಗಿರಣಿಗಳಿಗೆ ಒಳ್ಳೆಯ ಲಾಭವೂ ಬಂದಿತು. 1917ರಲ್ಲಿ ಗಿರಣಿ ಮಾಲೀಕರು ಕೂಲಿಯ ಮೇಲೆ ನೂರಕ್ಕೆ ಹತ್ತರಷ್ಟು ಯುದ್ಧ ಬೋನಸ್ ಕೊಟ್ಟರು. ಕೆಲವು ವರ್ಷ ಇದು ನಡೆಯಿತು. ಲಾಭ ಇಳಿದಾಗ ನಿಂತಿತು. ಕಾರ್ಮಿಕರು 1924ರಲ್ಲಿ ಮುಷ್ಕರ ಹೂಡಿದರು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ನಾರ್ಮನ್ ಮೆಕ್ಲಿಯಾಡ್ ಅವರ ಸಮಿತಿಯು ವಿಚಾರಣೆ ನಡೆಸಿ, ಬೋನಸ್ಸಿನ ಮೇಲೆ ಕಾರ್ಮಿಕರಿಗೆ ನ್ಯಾಯಾಲಯದಲ್ಲಿ ನಿಲ್ಲುವ ಹಕ್ಕಿಲ್ಲವೆಂದಿತು. ಅಂದರೆ, ಅದು ಎರಡನೆಯ ಅರ್ಥದ ಇನಾಮು.

ಈ ತೀರ್ಮಾನ ಬದಲಾಗಲು ನಾಲ್ಕು ದಶಕಗಳು ಬೇಕಾದವು. ಸ್ವತಂತ್ರ ಭಾರತದಲ್ಲಿ ಕಾರ್ಮಿಕ ನ್ಯಾಯಮಂಡಳಿಗಳು ಬೋನಸ್ಸನ್ನು ಲಾಭದಲ್ಲಿನ ಪಾಲೆಂದು ನೋಡತೊಡಗಿದವು. 1961ರಲ್ಲಿ ಎಂ.ಆರ್. ಮೆಹರ್ ಅವರ ಅಧ್ಯಕ್ಷತೆಯಲ್ಲಿ ಬೋನಸ್ ಆಯೋಗ ನೇಮಕವಾಯಿತು. ಅದರ ವರದಿಯ ಆಧಾರದ ಮೇಲೆ 1965ರ ಬೋನಸ್ ಸಂದಾಯ ಕಾಯಿದೆ ರೂಪುಗೊಂಡಿತು. ವರ್ಷದ ಸಂಬಳದ ಶೇಕಡಾ 4 ಅಥವಾ 40 ರೂಪಾಯಿ, ಇವೆರಡರಲ್ಲಿ ಹೆಚ್ಚಿನದು ಕನಿಷ್ಠ ಬೋನಸ್. ಶೇಕಡಾ 20 ಗರಿಷ್ಠ. 1972ರಲ್ಲಿ ಕನಿಷ್ಠವನ್ನು ಶೇಕಡಾ 8.33ಕ್ಕೆ ಏರಿಸಲಾಯಿತು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಬಹುದು. ನೂರನ್ನು ಹನ್ನೆರಡರಿಂದ ಭಾಗಿಸಿ. ವರ್ಷದ ಸಂಬಳದಲ್ಲಿ ಒಂದು ತಿಂಗಳ ಪಾಲು. ಜನ 'ಹದಿಮೂರನೆಯ ತಿಂಗಳ ಸಂಬಳ' ಎನ್ನುತ್ತಿದ್ದುದು ಇದನ್ನೇ.

ಆದರೆ ಈ ಕಾಯಿದೆಯ 32ನೆಯ ಪ್ರಕರಣ ಕೆಲವರನ್ನು ಹೊರಗಿಟ್ಟಿತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಇಲಾಖೆಗಳು ನಡೆಸುವ ಉದ್ಯಮಗಳ ನೌಕರರು, ಸ್ಥಳೀಯ ಸಂಸ್ಥೆಗಳವರು, ಜೀವ ವಿಮಾ ನಿಗಮದವರು, ರಿಸರ್ವ್ ಬ್ಯಾಂಕಿನವರು, ಶಿಕ್ಷಣ ಸಂಸ್ಥೆಗಳವರು ಈ ಪಟ್ಟಿಯಲ್ಲಿದ್ದರು. ಸರ್ಕಾರಕ್ಕೆ ಲಾಭವಿಲ್ಲ, ಆದ್ದರಿಂದ ಲಾಭದ ಪಾಲೂ ಇಲ್ಲ ಎಂಬುದು ವಾದ. ಬೆಂಗಳೂರಿನಲ್ಲಿ ಇದರ ಫಲ ಕುತೂಹಲಕರವಾಗಿತ್ತು. ಖಾಸಗಿ ಕಾರ್ಖಾನೆಯ ಕಾರ್ಮಿಕನಿಗೆ ಕಾನೂನಿನ ಬೋನಸ್. ಅದೇ ಬೀದಿಯ ಅಂಚೆಯವನಿಗೆ, ರೈಲ್ವೆಯವನಿಗೆ ಇಲ್ಲ.

1974: ಮೂರು ವಾರಗಳ ಮುಷ್ಕರ

ಎಪ್ಪತ್ತರ ದಶಕದ ಆರಂಭ ಬರಗಾಲ ಮತ್ತು ಬೆಲೆಯೇರಿಕೆಯ ಕಾಲ. 1973ರ ಕೊನೆಯಲ್ಲಿ ಪೆಟ್ರೋಲಿಯಂ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಆ ಸಮಯದಲ್ಲಿ ರೈಲ್ವೆ ನೌಕರರ ನಾಯಕರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್. ಎಂಟು ಗಂಟೆಯ ದುಡಿಮೆ, ತುಟ್ಟಿಭತ್ಯೆಯ ಸುಧಾರಣೆ, ಬೋನಸ್ ಇವು ಬೇಡಿಕೆಗಳಲ್ಲಿ ಮುಖ್ಯವಾದವು. 1974ರ ಮೇ 8ರಂದು ಆರಂಭವಾದ ಮುಷ್ಕರ ಮೇ 27ರವರೆಗೆ ನಡೆಯಿತು. ಸಾವಿರಾರು ಜನರ ಬಂಧನವಾಯಿತು, ಅನೇಕರು ಕೆಲಸ ಕಳೆದುಕೊಂಡರು. ಬೇಡಿಕೆ ಈಡೇರದೆಯೇ ಮುಷ್ಕರ ನಿಂತಿತು.

ಅದೇ ವರ್ಷದ ಜುಲೈನಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದು ಹೆಚ್ಚುವರಿ ಉಪಲಬ್ಧಿಗಳ ಕಡ್ಡಾಯ ಠೇವಣಿ ಕಾಯಿದೆಯಾಯಿತು. ಹೊಸದಾಗಿ ಏರಿದ ಸಂಬಳವೆಲ್ಲವೂ, ಏರಿದ ತುಟ್ಟಿಭತ್ಯೆಯ ಅರ್ಧವೂ ನೌಕರನ ಕೈಗೆ ಬಾರದೆ ಠೇವಣಿಗೆ ಹೋಗಬೇಕು. ಮುಂದೆ ಕಂತುಗಳಲ್ಲಿ, ಬಡ್ಡಿಯೊಡನೆ ವಾಪಸ್. ಸರ್ಕಾರದ ತರ್ಕವನ್ನೂ ನ್ಯಾಯವಾಗಿ ಕೇಳಬೇಕು. ಸರಕು ಕಡಿಮೆಯಿರುವಾಗ ಜನರ ಕೈಯಲ್ಲಿ ಹಣ ಹೆಚ್ಚಿದರೆ ಬೆಲೆ ಇನ್ನೂ ಏರುತ್ತದೆ, ಸಂಬಳವೇ ಇಲ್ಲದ ಬಡವನಿಗೆ ಅದರ ಹೊರೆ ಬೀಳುತ್ತದೆ ಎಂಬುದು ಆ ತರ್ಕ. ತರ್ಕದಲ್ಲಿ ಹುರುಳಿತ್ತು. ಆದರೆ ಅಕ್ಕಿಯ ಅಂಗಡಿಯವನು ಠೇವಣಿ ಚೀಟಿಯನ್ನು ಒಪ್ಪಿಕೊಳ್ಳುತ್ತಿರಲಿಲ್ಲ.

ಮಾತು ಮುರಿದ ಕಾಯಿದೆ

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸೆಪ್ಟೆಂಬರಿನಲ್ಲಿ ಬಂದ ಸುಗ್ರೀವಾಜ್ಞೆ ಕನಿಷ್ಠ ಬೋನಸ್ಸನ್ನು ಶೇಕಡಾ 8.33ರಿಂದ 4ಕ್ಕೆ ಇಳಿಸಿತು.

ಇನ್ನೊಂದು ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ಜೀವ ವಿಮಾ ನಿಗಮದ ನೌಕರರು ಬೋನಸ್ ಕಾಯಿದೆಯ ಹೊರಗಿದ್ದರೆಂದು ಹೇಳಿದೆನಷ್ಟೆ. ಅವರು ನಿಗಮದೊಡನೆ ಮಾತುಕತೆ ನಡೆಸಿ, 1974ರ ಜನವರಿ 24ರಂದು ಒಪ್ಪಂದ ಮಾಡಿಕೊಂಡಿದ್ದರು. ಮೂರನೆಯ ಮತ್ತು ನಾಲ್ಕನೆಯ ದರ್ಜೆಯ ನೌಕರರಿಗೆ, ಅಂದರೆ ಗುಮಾಸ್ತರು ಜವಾನರು ಮೊದಲಾದವರಿಗೆ, ವರ್ಷದ ಸಂಬಳದ ಶೇಕಡಾ 15 ನಗದು ಬೋನಸ್. ಒಪ್ಪಂದದ ಅವಧಿ 1977ರ ಮಾರ್ಚ್ 31ರವರೆಗೆ. ಕೇಂದ್ರ ಸರ್ಕಾರವೇ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು.

ತುರ್ತು ಪರಿಸ್ಥಿತಿಯಲ್ಲಿ ನಿಗಮ ಬೋನಸ್ ನಿಲ್ಲಿಸಿತು. ನೌಕರರು ಕಲ್ಕತ್ತಾ ಹೈಕೋರ್ಟಿಗೆ ಹೋದರು. 1976ರ ಮೇ 21ರಂದು ನ್ಯಾಯಾಲಯ, ಒಪ್ಪಂದದಂತೆ ಹಣ ಕೊಡಿ ಎಂದು ಆದೇಶ ನೀಡಿತು. ಎಂಟೇ ದಿನಗಳಲ್ಲಿ, ಮೇ 29ರಂದು, ಹೊಸ ಕಾಯಿದೆಯೊಂದು ಬಂದಿತು: ಜೀವ ವಿಮಾ ನಿಗಮ (ಒಪ್ಪಂದ ಮಾರ್ಪಾಟು) ಕಾಯಿದೆ. 1975ರ ಏಪ್ರಿಲ್ 1ರಿಂದಲೇ ಆ ಬೋನಸ್ ಕಲಮು ಊರ್ಜಿತವಲ್ಲವೆಂದು ಅದು ಹೇಳಿತು. ಅಂದರೆ, ಆಗಲೇ ದುಡಿದು ಮುಗಿಸಿದ ಒಂದು ವರ್ಷದ ಬೋನಸ್ಸೂ ಹೋಯಿತು.

ಪ್ರಶ್ನೆಯನ್ನು ನೀವೇ ನಿಮ್ಮ ಮುಂದಿಟ್ಟುಕೊಳ್ಳಿ. ಸಾಲಗಾರ ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಳ್ಳಬಹುದೆ? ಬೇರೆ ಯಾರಿಗೂ ಆಗದು. ಕಾನೂನು ಮಾಡುವ ಅಧಿಕಾರ ಕೈಯಲ್ಲಿರುವ ಸರ್ಕಾರಕ್ಕೆ ಆಗುತ್ತದೆಯೆ?

ಏಳು ನ್ಯಾಯಾಧೀಶರ ಸಂವಿಧಾನ ಪೀಠವು 1978ರ ಫೆಬ್ರವರಿ 21ರಂದು, ಮದನ ಮೋಹನ ಪಾಠಕ್ ಮೊಕದ್ದಮೆಯಲ್ಲಿ, ಆಗದು ಎಂದಿತು. ನೌಕರನಿಗೆ ಬರಬೇಕಾದ ಬಾಕಿ ಹಣ ಅವನ ಆಸ್ತಿ. ಪರಿಹಾರ ಕೊಡದೆ ಅದನ್ನು ಕಿತ್ತುಕೊಳ್ಳುವುದು ಸಂವಿಧಾನದ 31(2)ನೆಯ ವಿಧಿಗೆ ವಿರುದ್ಧ ಎಂದು ಪೀಠ ಕಾಯಿದೆಯನ್ನು ಅನೂರ್ಜಿತಗೊಳಿಸಿತು. 1924ರಲ್ಲಿ ಕೃಪೆಯೆನಿಸಿದ್ದ ಬೋನಸ್, ಒಪ್ಪಂದದ ಬಲದಿಂದ ಇಲ್ಲಿ ಆಸ್ತಿಯೆನಿಸಿತು.

ಅದೇ ದಿನ ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಹೊರಬಿತ್ತು. ಅದು ನಮ್ಮ ಬೆಂಗಳೂರಿನ ಜಲಮಂಡಳಿಗೂ ಎ. ರಾಜಪ್ಪ ಎಂಬ ನೌಕರರು ಮತ್ತಿತರರಿಗೂ ನಡೆದ ಮೊಕದ್ದಮೆ. ನೀರು ಸರಬರಾಜು ಸರ್ಕಾರದ ಕರ್ತವ್ಯವೇ ಹೊರತು ಉದ್ಯಮವಲ್ಲ, ಆದ್ದರಿಂದ ಕೈಗಾರಿಕಾ ವಿವಾದಗಳ ಕಾನೂನು ತನಗೆ ಅನ್ವಯಿಸದು ಎಂದು ಮಂಡಳಿ ವಾದಿಸಿತ್ತು. ಮಾಲೀಕ ಮತ್ತು ನೌಕರ ಕೂಡಿ, ಕ್ರಮಬದ್ಧವಾಗಿ, ಜನರ ಅಗತ್ಯಕ್ಕಾಗಿ ದುಡಿಯುವ ಕಡೆ ಲಾಭವಿರಲಿ ಬಿಡಲಿ ಅದು ಉದ್ಯಮವೇ ಎಂದು ನ್ಯಾಯಾಲಯ ಹೇಳಿತು. ನೀರು ಬಿಡುವವನು ತನ್ನ ದೂರನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಯ್ಯಬಹುದಾಯಿತು. ಕಣದ ಬಳಿ ನಿಲ್ಲುತ್ತಿದ್ದ ನೀರುಗಂಟಿಯಿಂದ ಇಲ್ಲಿಗೆ ಎಷ್ಟು ದೂರ ಬಂದೆವು, ನೋಡಿ. ಈ ತೀರ್ಪಿನ ಮರುಪರಿಶೀಲನೆಯನ್ನು 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲಾಯಿತು.

ಆದರೆ ಇತಿಹಾಸ ಒಂದು ಗೆಲುವಿನಲ್ಲಿ ನಿಲ್ಲುವುದಿಲ್ಲ. 44ನೆಯ ತಿದ್ದುಪಡಿಯಿಂದಾಗಿ 1979ರ ಜೂನ್ 20ರಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. 1981ರಲ್ಲಿ ಜೀವ ವಿಮಾ ನಿಗಮದ ಕಾಯಿದೆಗೆ ತಿದ್ದುಪಡಿ ತಂದು, ನೌಕರರ ಸೇವಾ ಷರತ್ತುಗಳನ್ನು ನಿಯಮಗಳ ಮೂಲಕ ಗೊತ್ತುಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಪಡೆಯಿತು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತಿದ್ದುಪಡಿಯನ್ನು ಒಪ್ಪಿತು. ಆದರೆ ಹಿಂದಿನ ತೀರ್ಪಿನಿಂದ ನೌಕರರಿಗೆ ದಕ್ಕಿದ್ದನ್ನು ಹಿಂದಿನಿಂದ ಅನ್ವಯವಾಗುವಂತೆ ಕಿತ್ತುಕೊಳ್ಳಲಾಗದು ಎಂದಿತು. ಅದರ ಸಾರವನ್ನು ಹೀಗೆ ನೆನಪಿಡಬಹುದು: ಮುಂದಿನದಕ್ಕೆ ಮಿತಿ ಹಾಕಬಹುದು, ದುಡಿದು ಮುಗಿಸಿದ್ದನ್ನು ಅಳಿಸುವಂತಿಲ್ಲ.

ಲೆಕ್ಕದ ಮಿತಿ

1977ರಲ್ಲಿ ಜನತಾ ಸರ್ಕಾರ ಕನಿಷ್ಠ ಬೋನಸ್ಸನ್ನು ಮತ್ತೆ ಶೇಕಡಾ 8.33ಕ್ಕೆ ತಂದಿತು. 1974ರಲ್ಲಿ ಸೋತ ರೈಲ್ವೆ ನೌಕರರಿಗೆ 1979ರಲ್ಲಿ ಉತ್ಪಾದಕತೆಗೆ ಹೊಂದಿಕೊಂಡ ಬೋನಸ್ ಸಿಕ್ಕಿತು. ಮುಂದೆ ಕೇಂದ್ರದ ಇತರ ನೌಕರರಿಗೂ ತಾತ್ಕಾಲಿಕ ಬೋನಸ್ ಬಂದಿತು. ಇವೆರಡೂ ಕಾಯಿದೆಯಿಂದ ಬಂದವಲ್ಲ, ಸರ್ಕಾರದ ಆದೇಶದಿಂದ ಬಂದವು. ಅದಕ್ಕೇ ಪ್ರತಿ ವರ್ಷವೂ ಹಬ್ಬದ ಮುಂದೆ ಘೋಷಣೆಗಾಗಿ ಕಾಯಬೇಕು.

ಮಿತಿ ಎಲ್ಲಿದೆ? ಲೆಕ್ಕದ ಮಿತಿಯಲ್ಲಿ. ನೌಕರನ ಸಂಬಳ ಎಷ್ಟೇ ಇರಲಿ, ತಿಂಗಳಿಗೆ 7,000 ರೂಪಾಯಿಯೆಂದೇ ಹಿಡಿದು ಬೋನಸ್ ಲೆಕ್ಕ ಹಾಕುವ ಪದ್ಧತಿ 2014ರ ಏಪ್ರಿಲ್‌ನಿಂದ ಬಂದಿತು; ಅದಕ್ಕೆ ಮೊದಲು ಈ ಮಿತಿ 3,500 ಇತ್ತು. ಹೀಗಾಗಿ ಮೂವತ್ತು ದಿನಗಳ ಬೋನಸ್ ಎಂದರೆ 6,908 ರೂಪಾಯಿ. ರೈಲ್ವೆಯವರಿಗೆ 2024ರಲ್ಲಿ ಘೋಷಿಸಿದ 78 ದಿನಗಳ ಬೋನಸ್ಸಿನ ಗರಿಷ್ಠ ಮೊತ್ತ 17,951 ರೂಪಾಯಿ. ಪತ್ರಿಕೆಯಲ್ಲಿ '78 ದಿನಗಳ ಸಂಬಳ' ಎಂದು ಓದಿದಾಗ ಈ ಲೆಕ್ಕವನ್ನು ನೆನಪಿಸಿಕೊಳ್ಳಿ. 1965ರ ಕಾಯಿದೆಯನ್ನು 2019ರ ವೇತನ ಸಂಹಿತೆಯೊಳಗೆ ಸೇರಿಸಲಾಯಿತು. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಬೆಂಗಳೂರಿಗೆ ಇಂಥ ಮಿತಿಗಳ ಬಿಸಿ ಜೋರಾಗಿಯೇ ತಟ್ಟಿದ್ದುಂಟು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಕಾರ್ಮಿಕರು ಬಿ.ಎಚ್.ಇ.ಎಲ್.ಗೆ ಸಮನಾದ ವೇತನ ಬೇಕೆಂದು 1980ರ ಡಿಸೆಂಬರಿನಲ್ಲಿ ಮುಷ್ಕರ ಹೂಡಿದರು. ಎಪ್ಪತ್ತೇಳು ದಿನ ನಡೆದ ಆ ಮುಷ್ಕರ 1981ರ ಮಾರ್ಚಿನಲ್ಲಿ ಮುಗಿಯಿತು. ಸಾರ್ವಜನಿಕ ಉದ್ಯಮದ ಕಾರ್ಮಿಕನ ಸಂಬಳವನ್ನು ಕಾರ್ಖಾನೆಯ ಆಡಳಿತಕ್ಕಿಂತ ಹೆಚ್ಚಾಗಿ ದೆಹಲಿಯೇ ಗೊತ್ತುಮಾಡುತ್ತದೆ ಎಂಬುದು ಆ ದಿನಗಳಲ್ಲಿ ನಗರದ ಮನೆಮನೆಗೂ ಅರಿವಾಯಿತು.

ಗೌರವಧನವೆಂಬ ಪದ

ಕೊನೆಯಲ್ಲಿ ಹೇಳುವೆನೆಂದದ್ದು ಬಾಕಿಯಿದೆ. ತೋಟಿ, ತಳವಾರ, ನೀರುಗಂಟಿಗಳ ಕೆಲಸದ ಒಂದಷ್ಟು ಭಾಗ ಮುಂದೆ ಗ್ರಾಮ ಸಹಾಯಕರ ಪಾಲಿಗೆ ಬಂದಿತು. ಅವರಿಗೆ ಸಿಗತೊಡಗಿದ್ದು ಸಂಬಳವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರದೂ ಇದೇ ಕಥೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಅವುಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಕರ್ನಾಟಕ ಸರ್ಕಾರ ಮತ್ತು ಅಮೀರಬಿ ನಡುವಿನ ಮೊಕದ್ದಮೆಯಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದಿತು. 2022ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ, ಅವರಿಗೆ 1972ರ ಕಾಯಿದೆಯ ಪ್ರಕಾರ ಗ್ರಾಚ್ಯುಯಿಟಿ ಸಲ್ಲುತ್ತದೆಂದು ತೀರ್ಪಿತ್ತಿತು. ಆ ಹಣವನ್ನು 'ಗೌರವಧನ' ಎಂದು ಕರೆದರೂ ಅದು ದುಡಿಮೆಯ ವೇತನವೇ ಎಂಬ ಮಾತು ಹೀಗೆ ನ್ಯಾಯಾಲಯದ ಮನ್ನಣೆ ಪಡೆಯಿತು. ಮತ್ತೆ ಅದೇ ಇನಾಮು, ಮತ್ತೆ ಅದೇ ಎರಡು ಅರ್ಥ.

ಹಾಗಾದರೆ ಸರ್ಕಾರ ಮಿತಿ ಹಾಕಲೇಬಾರದೆ? ಹಾಗಲ್ಲ. ಖಜಾನೆಯ ಹಣ ಎಲ್ಲರದು. ಗೊಟ್ಟಿಗೆರೆಯ ತರಕಾರಿ ಮಾರುವವಳೂ ತೆರಿಗೆಯ ಮೂಲಕ ಅದಕ್ಕೆ ಸೇರಿಸುತ್ತಾಳೆ, ಅವಳಿಗೆ ಬೋನಸ್ಸಿಲ್ಲ. ಮಿತಿಯಿಲ್ಲದಿದ್ದರೆ ಮೇಲಧಿಕಾರಿಯ ಮೆಚ್ಚುಗೆಯೇ ಅಳತೆಗೋಲಾಗುತ್ತದೆ. ಕೈಮುಗಿದವನಿಗೆ ಹೆಚ್ಚು, ತಲೆಯೆತ್ತಿದವನಿಗೆ ಕಡಿಮೆ. ನಿಯಮವಿದ್ದರೆ ಇಬ್ಬರಿಗೂ ಒಂದೇ. ಈ ದೃಷ್ಟಿಯಿಂದ ಮಿತಿ ನೌಕರನಿಗೂ ರಕ್ಷಣೆಯೇ. ಆದರೆ ಮಿತಿಯನ್ನು ಮೊದಲೇ ಹೇಳಬೇಕು, ಎಲ್ಲರಿಗೂ ಹೇಳಬೇಕು, ದುಡಿಸಿಕೊಂಡ ಮೇಲೆ ಹೇಳಬಾರದು. 1976ರ ಕಾಯಿದೆ ಬಿದ್ದುಹೋದದ್ದು ಬೋನಸ್ ಕಡಿಮೆ ಮಾಡಿತೆಂಬ ಕಾರಣಕ್ಕಲ್ಲ, ಆಗಲೇ ಸಂದಾಯವಾಗಬೇಕಿದ್ದುದನ್ನು ಕಿತ್ತುಕೊಂಡಿತೆಂಬ ಕಾರಣಕ್ಕೆ.

ನಿಮಗೊಂದು ಕೆಲಸ. ಮನೆಯಲ್ಲಿ ತಾತನದೋ ತಾಯಿಯದೋ ಹಳೆಯ ಸಂಬಳದ ಚೀಟಿಯಿದ್ದರೆ ಕೇಳಿ ತೆಗೆಸಿ. ಮೂಲವೇತನ, ತುಟ್ಟಿಭತ್ಯೆ, ಹಬ್ಬದ ಮುಂಗಡ, ಕಡಿತಗಳು ಎಂದು ಸಾಲುಸಾಲಾಗಿ ಬರೆದಿರುತ್ತದೆ. ಯಾವುದು ಕಾಯಿದೆಯಿಂದ ಬಂದದ್ದು, ಯಾವುದು ಆದೇಶದಿಂದ ಬಂದದ್ದು, ಯಾವುದು ಸಾಲ ಎಂದು ಬೇರ್ಪಡಿಸಲು ಪ್ರಯತ್ನಿಸಿ. ಮುಷ್ಕರದ ವರ್ಷಗಳಲ್ಲಿ ಮನೆ ಹೇಗೆ ನಡೆಯಿತೆಂದು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಮ್ಮೆ ಗೊಟ್ಟಿಗೆರೆಯ ಕಡೆ ಹೋದಾಗ, ಬೀದಿಯ ನಲ್ಲಿಯಲ್ಲಿ ನೀರು ಬರುವಂತೆ ವಾಲ್ವು ತಿರುಗಿಸುವವರನ್ನು ಕಂಡರೆ ಒಂದು ಕ್ಷಣ ನಿಂತು ನೋಡಿ. ಅವರ ಕೈಗೆ ತಿಂಗಳ ಕೊನೆಗೆ ಬರುವುದು ಸಂಬಳವೋ, ಗುತ್ತಿಗೆದಾರನು ಕೊಟ್ಟದ್ದೋ, ಗೌರವಧನವೋ? ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಈ ಪ್ರಶ್ನೆ ಇರಲಾರದು. ಆದರೂ ಕೇಳಿಕೊಳ್ಳಬೇಕಾದ ಪ್ರಶ್ನೆ.